ಎಲಿಜಬೆತ್ ಫ್ರೈ ಬರೆದ ಕಾಗದಗಳಿಂದ ಜೈಲು ಬದಲಾಯಿತೇ?

ಪ್ರಶ್ನೆ: ಇಂಗ್ಲೆಂಡಿನ ಜೈಲು ಸುಧಾರಕಿ ಎಲಿಜಬೆತ್ ಫ್ರೈ ಬಗ್ಗೆ ಓದುತ್ತಿದ್ದೇನೆ. ಅವರ ಹೆಣ್ಣುಮಕ್ಕಳು ಅಚ್ಚು ಹಾಕಿಸಿದ ಎರಡು ಸಂಪುಟಗಳು ಸಿಕ್ಕಿವೆ. ದಿನಚರಿ ಮತ್ತು ಪತ್ರಗಳು ಒಟ್ಟಿಗೇ ಇವೆ. ಆದರೆ ಪುಟಪುಟಕ್ಕೂ ದೇವರ ಮಾತೇ ಜಾಸ್ತಿ. ಈ ಪತ್ರಗಳಿಂದ ಜೈಲುಗಳಲ್ಲಿ ನಿಜಕ್ಕೂ ಏನಾದರೂ ಬದಲಾಯಿತೇ? ಮಕ್ಕಳೇ ಆರಿಸಿ ಕೊಟ್ಟ ಪತ್ರಗಳನ್ನು ಎಷ್ಟು ನಂಬಬಹುದು? ಕೈದಿಗಳ ಮಾತು ಎಲ್ಲಾದರೂ ಸಿಗುತ್ತದೆಯೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಬದಲಾಯಿತು, ಆದರೆ ಎಲ್ಲ ಕಾಗದಗಳಿಂದಲೂ ಅಲ್ಲ. ಫ್ರೈ ಒಂದು ಚಿಕ್ಕ ವಸ್ತುವನ್ನು ಹೆಸರಿಟ್ಟು ಕೇಳಿದಾಗ, ಅದನ್ನು ಕೊಡಬಲ್ಲವರನ್ನೇ ಕೇಳಿದಾಗ, ಕೆಲಸ ಆಯಿತು. ಹೊಲಿಯಲು ಬಟ್ಟೆ ಕೊಡಿ, ಮುಚ್ಚಿದ ಗಾಡಿ ಕೊಡಿ, ಹೆಂಗಸರ ಕೋಣೆಗೆ ಹೆಂಗಸನ್ನೇ ಕಾವಲಿಗೆ ಹಾಕಿ ಎಂದರೆ ಯಾರೋ ಒಬ್ಬರು ಹೂಂ ಅನ್ನುತ್ತಿದ್ದರು. ಗಲ್ಲು ತಪ್ಪಿಸಿ ಎಂದಾಗ ಬಾಗಿಲು ಮುಚ್ಚಿತು. ಹಾಗಾಗಿ ಈ ಪತ್ರಗಳನ್ನು ಓದುವಾಗ ನಾನು ಮೊದಲು ನೋಡುವುದು ವಿಳಾಸ. ಯಾರಿಗೆ ಬರೆದದ್ದು? ಅವರ ಕೈಯಲ್ಲಿ ಏನಿತ್ತು? ದೇವರ ಮಾತುಗಳ ನಡುವೆ ದಾರಿ ತಪ್ಪದಿರಲು ನಿಮಗೂ ಇದು ನೆರವಾಗಬಹುದು.

ಹಿನ್ನೆಲೆ ನಿಮಗೆ ಗೊತ್ತಿರುತ್ತದೆ, ಬೇರೆ ಓದುಗರಿಗಾಗಿ ಎರಡು ಮಾತು. ಫ್ರೈ ಹುಟ್ಟಿದ್ದು 1780ರಲ್ಲಿ, ನಾರ್ವಿಚ್ಚಿನ ಗರ್ನಿ ಮನೆತನದಲ್ಲಿ. ಅನುಕೂಲಸ್ಥರು, ಬ್ಯಾಂಕಿನ ವ್ಯವಹಾರದವರು, ಕ್ವೇಕರ್ ಎಂಬ ಕ್ರೈಸ್ತ ಪಂಥದವರು. 1800ರಲ್ಲಿ ಜೋಸೆಫ್ ಫ್ರೈ ಜೊತೆ ಮದುವೆಯಾಗಿ ಲಂಡನ್ನಿಗೆ ಬಂದರು. ಹನ್ನೊಂದು ಮಕ್ಕಳು. 1813ರಲ್ಲಿ ಸ್ಟೀಫನ್ ಗ್ರೆಲೆಟ್ ಎಂಬ ಕ್ವೇಕರ್ ಪ್ರಚಾರಕ ಲಂಡನ್ನಿನ ನ್ಯೂಗೇಟ್ ಜೈಲಿನ ಹೆಂಗಸರ ವಿಭಾಗ ನೋಡಿ, ಅಲ್ಲಿಂದ ನೇರ ಇವರಲ್ಲಿಗೆ ಬಂದು ಕಂಡದ್ದನ್ನು ಹೇಳಿದರು. ಆ ದಿನಗಳಲ್ಲಿ ಎರಡು ದೊಡ್ಡ ಕೋಣೆ, ಎರಡು ಚಿಕ್ಕ ಕೋಣೆಗಳಲ್ಲಿ ಸುಮಾರು 300 ಹೆಂಗಸರು, ಜೊತೆಗೆ ಅವರ ಮಕ್ಕಳು. ವಿಚಾರಣೆ ಆಗದವರು, ಶಿಕ್ಷೆ ಆದವರು, ಗಲ್ಲಿಗೆ ಕಾಯುತ್ತಿದ್ದವರು ಎಲ್ಲ ಒಂದೇ ಕಡೆ. ಅಲ್ಲೇ ಅಡುಗೆ, ಅಲ್ಲೇ ನಿದ್ದೆ, ಅಲ್ಲೇ ಬಟ್ಟೆ ಒಗೆಯುವುದು.

ಈಗ ಆ ವರ್ಷದ ಫೆಬ್ರುವರಿಯ ಎರಡು ಬರಹಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡೂ ನಿಮ್ಮ ಮೊದಲ ಸಂಪುಟದಲ್ಲೇ ಇವೆ.

ಒಂದು ದಿನಚರಿ, ಫೆಬ್ರುವರಿ 16ರದು. ನಿನ್ನೆ ಕೆಲವು ಗಂಟೆ ನ್ಯೂಗೇಟ್‌ನಲ್ಲಿದ್ದೆವು, ಇದಕ್ಕೆ ಮೊದಲೂ ಎರಡು ಸಲ ಹೋಗಿದ್ದೆವು ಎಂದು ಬರೆಯುತ್ತಾರೆ. ಹೊರಡುವ ಮುನ್ನ ಜೊತೆಗಿದ್ದ ಅನ್ನಾ ಬಕ್ಸ್‌ಟನ್ ಪ್ರಾರ್ಥನೆಯ ನಾಲ್ಕು ಮಾತಾಡಿದರಂತೆ. ಆಮೇಲೆ ತಾನೂ ಆಡಿದೆ, ಅಂದುಕೊಂಡಿರಲೇ ಇಲ್ಲ ಎನ್ನುತ್ತಾರೆ ಫ್ರೈ. ಸುತ್ತ ಅಳುವ ಸದ್ದು ಕೇಳಿಸಿತು. ದಿನಚರಿಯಲ್ಲಿ ಅವರಿಗೆ ಮುಖ್ಯ ಅನಿಸಿದ್ದು ತನ್ನೊಳಗೆ ಆದದ್ದು.

ಇನ್ನೊಂದು ಅದೇ ತಿಂಗಳು ತಮ್ಮ ಚಿಕ್ಕ ಮಕ್ಕಳಿಗೆ ಬರೆದ ಕಾಗದ. ಇದರಲ್ಲಿ ಅಳು ಇಲ್ಲ. ಪಾಪದ ಕೈದಿಗಳ ಹತ್ತಿರ ಎಳೆಕೂಸುಗಳಿವೆ, ಅವಕ್ಕೆ ಬಟ್ಟೆಯೇ ಇಲ್ಲ, ಇದ್ದರೂ ತೀರಾ ಕಡಿಮೆ ಎಂದಿದೆ. ದಿನಕ್ಕೆ ಒಬ್ಬೊಬ್ಬರಿಗೆ ಎಷ್ಟು ಚಿಕ್ಕ ತುಂಡು ರೊಟ್ಟಿ ಕೊಡುತ್ತಾರೆ ಅಂತ ನೀವು ನೋಡಿದ್ದರೆ ನಿಮಗೆ ತುಂಬ ಬೇಜಾರಾಗುತ್ತಿತ್ತು ಎಂದಿದೆ. ನೀವೂ ದೊಡ್ಡವರಾದ ಮೇಲೆ ಬರೀ ನಿಮ್ಮ ಸುಖ ನೋಡಿಕೊಳ್ಳದೆ ನಾಲ್ಕು ಜನಕ್ಕೆ ಉಪಯೋಗವಾಗಿ ಬಾಳಿ ಎಂಬ ಬುದ್ಧಿಮಾತೂ ಇದೆ. ಅಮ್ಮಂದಿರು ಅದನ್ನು ಬಿಡುವುದಿಲ್ಲ, ಅಲ್ವಾ?

ಜೈಲು ಒಂದೇ, ತಿಂಗಳು ಒಂದೇ, ಬರೆದವರೂ ಒಬ್ಬರೇ. ಆದರೂ ನ್ಯೂಗೇಟ್ ಕಣ್ಣಿಗೆ ಕಾಣುವುದು ಎರಡನೆಯದರಲ್ಲಿ. ಮಗುವಿಗೆ ಅರ್ಥವಾಗಬೇಕಲ್ಲ, ಅದಕ್ಕೇ ಬಟ್ಟೆ ಮತ್ತು ರೊಟ್ಟಿ ಬಂದವು. ಮುಂದೆ ಮಂತ್ರಿಗಳಿಗೆ, ಅಧಿಕಾರಿಗಳಿಗೆ, ದೂರದ ದೇಶದವರಿಗೆ ಬರೆದ ಒಳ್ಳೆಯ ಕಾಗದಗಳೆಲ್ಲ ಇದೇ ಜಾಡಿನಲ್ಲಿವೆ ಎಂಬುದು ನನ್ನ ಅನಿಸಿಕೆ. ದಿನಚರಿಯ ಧಾಟಿ ಕಾಗದಕ್ಕೆ ನುಸುಳಿದ ಕಡೆ ನೀವು ಹೇಳುವ ಬೇಸರ ಶುರುವಾಗುತ್ತದೆ.

ಆ 1813ರ ಭೇಟಿಗಳ ನಂತರ ಹತ್ತಿರ ಹತ್ತಿರ ನಾಲ್ಕು ವರ್ಷ ನ್ಯೂಗೇಟ್‌ನ ಕೆಲಸ ನಿಂತೇ ಹೋಗಿತ್ತು. ಹೆರಿಗೆಗಳು, ಕಾಯಿಲೆ, 1815ರಲ್ಲಿ ಐದು ವರ್ಷವೂ ತುಂಬದ ಮಗಳ ಸಾವು. ಜನಪ್ರಿಯ ಜೀವನಚರಿತ್ರೆಗಳು ಈ ಖಾಲಿ ಜಾಗವನ್ನು ಹಾರಿಬಿಡುತ್ತವೆ. ನೀವು ಹಾರಬೇಡಿ. ಆ ವರ್ಷಗಳಲ್ಲಿ ಅಕ್ಕತಂಗಿಯರಿಗೆ, ತಮ್ಮಂದಿರಿಗೆ ಹೋದ ಕಾಗದಗಳೇ ಮುಂದೆ ಅವರ ಆಸರೆಯಾದವು. ಗರ್ನಿಗಳದು ದೊಡ್ಡ ಸಂಸಾರ, ಎಲ್ಲರೂ ಬರೆಯುವವರೇ. ತಮ್ಮ ಜೋಸೆಫ್ ಜಾನ್ ಗರ್ನಿ 1818ರಲ್ಲಿ ಫ್ರೈ ಜೊತೆ ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಜೈಲುಗಳನ್ನು ನೋಡಿಬಂದು, ಮರುವರ್ಷ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದರು. ತಂಗಿ ಹನ್ನಾಳ ಗಂಡ ಥಾಮಸ್ ಫೊವೆಲ್ ಬಕ್ಸ್‌ಟನ್ 1818ರಲ್ಲಿ ಪಾರ್ಲಿಮೆಂಟ್ ಸದಸ್ಯರಾದರು.

ಇದರಲ್ಲಿ ಅಂಚೆಯ ಲೆಕ್ಕವೂ ಇದೆ. ಆಗ ಕಾಗದದ ದುಡ್ಡು ಕೊಡುತ್ತಿದ್ದದ್ದು ಸಾಮಾನ್ಯವಾಗಿ ಪಡೆದವರು. ದೂರ ಹೆಚ್ಚಾದಂತೆ ದರ ಹೆಚ್ಚು, ಹಾಳೆ ಎರಡಾದರೆ ದುಡ್ಡೂ ಎರಡು ಪಟ್ಟು. ಆದರೆ ಪಾರ್ಲಿಮೆಂಟ್ ಸದಸ್ಯರ ಸಹಿ ಇದ್ದರೆ ಕಾಗದ ಪುಕ್ಕಟೆ. ಊರೂರಲ್ಲಿ ಹೆಂಗಸರ ಸಮಿತಿ ಕಟ್ಟಬೇಕು, ದಿನವೂ ಪತ್ರ ಹೋಗಬೇಕು ಬರಬೇಕು ಎನ್ನುವವರಿಗೆ ಮನೆಯಲ್ಲೇ ಒಬ್ಬ ಸದಸ್ಯ ಇರುವುದು ಸಣ್ಣ ಸಂಗತಿಯೇನಲ್ಲ. ದೇಶಕ್ಕೆಲ್ಲ ಒಂದು ಪೆನ್ನಿ ದರ ಬಂದದ್ದು 1840ರಲ್ಲಿ. ಆಗ ಫ್ರೈಗೆ ಅರವತ್ತರ ಹತ್ತಿರ.

1817ರಿಂದ ಕಥೆ ಓಡುತ್ತದೆ. ಏಪ್ರಿಲ್‌ನಲ್ಲಿ ಹನ್ನೊಂದು ಮಂದಿ ಕ್ವೇಕರ್ ಹೆಂಗಸರು, ಒಬ್ಬ ಪಾದ್ರಿಯ ಹೆಂಡತಿ ಸೇರಿ ನ್ಯೂಗೇಟ್‌ನ ಹೆಣ್ಣು ಕೈದಿಗಳಿಗಾಗಿ ಸಂಘ ಮಾಡಿಕೊಂಡರು. ಮಕ್ಕಳಿಗೆ ಪಾಠ ಹೇಳಲು ಕೈದಿಗಳ ನಡುವಿನಿಂದಲೇ ಮೇರಿ ಕಾನರ್ ಎಂಬಾಕೆಯನ್ನು ಆರಿಸಿದರು. ಗಡಿಯಾರ ಕದ್ದು ಒಳಗೆ ಬಂದವಳು. ಆಮೇಲೆ ಹೊಲಿಗೆ. ಹೊಲಿದ ಬಟ್ಟೆ ಯಾರು ಕೊಳ್ಳಬೇಕು? ಶಿಕ್ಷೆಯಾಗಿ ಆಸ್ಟ್ರೇಲಿಯಾಕ್ಕೆ ಸಾಗಿಸಿದ ಕೈದಿಗಳಿಗೆ ಹೋಗುವ ಬಟ್ಟೆ ನೆನಪಾಯಿತು. ಅದನ್ನು ಆಗ ಪೂರೈಸುತ್ತಿದ್ದದ್ದು ಫೆನ್‌ಚರ್ಚ್ ಬೀದಿಯ ರಿಚರ್ಡ್ ಡಿಕ್ಸನ್ ಕಂಪನಿ. ಈ ಹೆಂಗಸರು ಆ ಅಂಗಡಿಗೇ ಹೋಗಿ, ನಿಮ್ಮ ವ್ಯಾಪಾರದ ಈ ಭಾಗವನ್ನು ನಾವು ಕಿತ್ತುಕೊಳ್ಳಬೇಕು ಅಂತಿದ್ದೇವೆ ಎಂದು ಬಾಯಿಬಿಟ್ಟು ಹೇಳಿ ಸಲಹೆ ಕೇಳಿದರು. ಅಂಗಡಿಯವರು ಒಪ್ಪಿ, ಕೆಲಸ ತಾವೇ ಒದಗಿಸುತ್ತೇವೆ ಎಂದರು. ನನಗೆ ಈ ಪ್ರಸಂಗ ತುಂಬ ಇಷ್ಟ. ಉಪದೇಶ ಮಾಡುವವರು ಬಹಳ ಜನ ಇರುತ್ತಾರೆ, ಅಂಗಡಿಯವರ ಹತ್ತಿರ ವ್ಯವಹಾರ ಮಾತಾಡಬಲ್ಲವರು ಕಡಿಮೆ. ಫ್ರೈ ಬ್ಯಾಂಕಿನ ಮನೆಯ ಮಗಳು ಎಂಬುದು ಇಲ್ಲಿ ಕಾಣುತ್ತದೆ.

ಜೈಲಿನ ನಿಯಮಗಳನ್ನು ಒಂದೊಂದಾಗಿ ಓದಿ ಹೇಳಿ, ಕೈದಿಗಳಿಂದಲೇ ಕೈ ಎತ್ತಿಸಿ ಒಪ್ಪಿಸಿದರು. ಭಿಕ್ಷೆ, ಬೈಗುಳ, ಜೂಜು, ಜಗಳ ಬೇಡ ಎಂಬುವೆಲ್ಲ ಅದರಲ್ಲಿದ್ದವು. ಕಾದಂಬರಿ, ನಾಟಕ ಓದಕೂಡದು ಎಂಬುದೂ ಇತ್ತು. ಅದಕ್ಕೂ ಕೈ ಎತ್ತಿದರು ಪಾಪ.

1818ರ ಫೆಬ್ರುವರಿ ತಿಂಗಳನ್ನು ಮಾತ್ರ ನಿಧಾನವಾಗಿ ಓದಿ. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಅಲ್ಲಿದೆ.

ಆ ತಿಂಗಳ 17ನೇ ತಾರೀಕು ಷಾರ್ಲೆಟ್ ನ್ಯೂಮನ್, ಮೇರಿ ಆನ್ ಜೇಮ್ಸ್ ಎಂಬ ಇಬ್ಬರನ್ನು ನ್ಯೂಗೇಟ್ ಮುಂದೆ ಗಲ್ಲಿಗೇರಿಸಿದರು. ಅಪರಾಧ ಖೋಟಾ ವ್ಯವಹಾರ. 1797ರಿಂದ ಬ್ಯಾಂಕ್ ಆಫ್ ಇಂಗ್ಲೆಂಡ್ ಒಂದು, ಎರಡು ಪೌಂಡಿನ ನೋಟುಗಳನ್ನು ಹೊರಡಿಸುತ್ತಿತ್ತು. ನಕಲು ಮಾಡುವುದು ಸುಲಭ, ಬಡವರ ಕೈಗೂ ಬರುವಷ್ಟು ಚಿಕ್ಕ ನೋಟು. ಸಿಕ್ಕಿಬಿದ್ದರೆ ಗಲ್ಲು, ಇಲ್ಲವೇ ಹದಿನಾಲ್ಕು ವರ್ಷ ಆಸ್ಟ್ರೇಲಿಯಾಕ್ಕೆ ಸಾಗಿಸುವ ಶಿಕ್ಷೆ.

ಸಾಯುವ ಮುನ್ನ ನ್ಯೂಮನ್ ಫ್ರೈಗೆ ಒಂದು ಕಾಗದ ಬರೆದಳು. ಮಕ್ಕಳು ತಂದ ಸಂಪುಟದಲ್ಲಿ ಅದು ಇದೆ. ನೀವು ತೋರಿದ ಕಾಳಜಿಗೆ ಕೃತಜ್ಞತೆ ಹೇಳಲು ನನಗಿರುವ ದಾರಿ ಇದೊಂದೇ ಎಂದು ಶುರುವಾಗುತ್ತದೆ. ಆಮೇಲೆ ಒಂದು ಸಾಲು ಬರುತ್ತದೆ. ಇಂಥ ಹೊತ್ತಿನಲ್ಲಿ ಬೇರೆಯವರು ಆಡಬಹುದಾದಷ್ಟು ಮಾತು ನಾನು ಆಡಲಿಲ್ಲ ಅಂತ ನಿಮಗೆ ಅನಿಸಿರಬಹುದು, ಆದರೆ ನನ್ನ ಸ್ಥಿತಿಯ ಭಯ ನನಗೆ ತೀವ್ರವಾಗಿಯೇ ಅನುಭವಕ್ಕೆ ಬಂದಿದೆ ಎಂಬ ಅರ್ಥದ ಸಾಲು. ಮುಂದಿನದೆಲ್ಲ ದೇವರ ದಯೆ, ಪಶ್ಚಾತ್ತಾಪ. ಇಂಥ ಕಾಗದಗಳ ಮಾಮೂಲು ಧಾಟಿ ಅದು. ಭೇಟಿಗೆ ಬರುವ ಅಮ್ಮಂದಿರು ಏನು ಕೇಳಲು ಬಯಸುತ್ತಾರೆ ಎಂಬುದು ಕೈದಿಗಳಿಗೆ ಗೊತ್ತಿರುತ್ತಿತ್ತು. ಆದರೆ ಆ ಒಂದು ಸಾಲು ಧಾಟಿಗೆ ಸಿಗದಂಥದ್ದು. ಯಾರೋ ಆಕೆಯನ್ನು ಮೌನಿ ಎಂದು ಗಮನಿಸಿದ್ದಾರೆ, ಬಹುಶಃ ಕಲ್ಲುಮನಸ್ಸು ಅಂದುಕೊಂಡಿದ್ದಾರೆ ಎಂದು ಆಕೆಗೆ ಅನಿಸಿದೆ. ಕೊನೆಯ ಗಳಿಗೆಯಲ್ಲೂ ಅದಕ್ಕೆ ಸಮಜಾಯಿಷಿ ಕೊಡಬೇಕಾಗಿದೆ. ಕೈದಿಗಳ ದನಿ ಬೇಕು ಅಂದರೆ ಹೀಗೆ ಸಾಲುಗಳ ನಡುವೆ ಹುಡುಕಬೇಕು.

ಇದಾಗಿ ಹತ್ತೇ ದಿನಕ್ಕೆ, ಫೆಬ್ರುವರಿ 27ರಂದು, ಫ್ರೈ ಹೌಸ್ ಆಫ್ ಕಾಮನ್ಸ್ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದರು. ಅಲ್ಲಿ ಅವರು ಒಪ್ಪಿಸಿದ್ದು ಲೆಕ್ಕ. ಸುಮಾರು ಹತ್ತು ತಿಂಗಳಲ್ಲಿ 20,000ದ ಹತ್ತಿರ ಬಟ್ಟೆ ಹೊಲಿದಿದ್ದಾರೆ, ಹೆಣಿದ ಕಾಲುಚೀಲ ಬೇರೆ, ವಾರಕ್ಕೆ ಒಬ್ಬೊಬ್ಬಳ ಗಳಿಕೆ ಇಷ್ಟು. ಸಮಿತಿಯವರಿಗೆ ಅರ್ಥವಾಗುವ ಭಾಷೆ ಅದೇ. 1823ರಲ್ಲಿ ಗೃಹ ಸಚಿವ ರಾಬರ್ಟ್ ಪೀಲ್ ತಂದ ಜೈಲು ಕಾಯ್ದೆಯಲ್ಲಿ ಹೆಣ್ಣು ಕೈದಿಗಳ ಉಸ್ತುವಾರಿ ಹೆಂಗಸರದ್ದೇ ಆಗಿರಬೇಕು ಎಂಬುದು ಸೇರಿತು. ಫ್ರೈ ಒಬ್ಬರಿಂದಲೇ ಆದದ್ದಲ್ಲ. ಬಕ್ಸ್‌ಟನ್ ಇದ್ದರು, ಜೈಲು ಶಿಸ್ತಿನ ಸುಧಾರಣಾ ಸಂಘ ಇತ್ತು, ಅದಕ್ಕೂ ಮೊದಲು 1770ರ ದಶಕದಿಂದ ಜಾನ್ ಹೊವರ್ಡ್ ಊರೂರು ತಿರುಗಿ ಜೈಲುಗಳ ಲೆಕ್ಕ ಬರೆದಿಟ್ಟಿದ್ದರು. ಕಾಯ್ದೆ ಕೂಡ ಸಾಲದ ಕೈದಿಗಳ ಜೈಲುಗಳನ್ನು, ಸಣ್ಣ ಪಟ್ಟಣಗಳ ಜೈಲುಗಳನ್ನು ಮುಟ್ಟಲಿಲ್ಲ.

ಆದರೆ 1818ರ ಏಪ್ರಿಲ್‌ನಲ್ಲಿ ಫ್ರೈ ಸೋತರು. ಹ್ಯಾರಿಯೆಟ್ ಸ್ಕೆಲ್ಟನ್ ಎಂಬ ಮನೆಗೆಲಸದಾಕೆ ಖೋಟಾ ನೋಟು ಚಲಾಯಿಸಿ ಸಿಕ್ಕಿಬಿದ್ದಿದ್ದಳು. ನಂಬಿದ ಗಂಡಸೊಬ್ಬನ ಮಾತಿಗೆ ಕಟ್ಟುಬಿದ್ದು ಮಾಡಿದ್ದು ಎಂದು ಎಲ್ಲರೂ ಹೇಳುತ್ತಿದ್ದರು. ಜೈಲಿನಲ್ಲಿ ಆಕೆಯ ನಡತೆ ಒಳ್ಳೆಯದಿತ್ತು. ಫ್ರೈ ದೊಡ್ಡ ದೊಡ್ಡವರ ಕೈಕಾಲು ಹಿಡಿದರು, ಬ್ಯಾಂಕಿನವರನ್ನು ಕೇಳಿದರು, ಗೃಹ ಸಚಿವ ಲಾರ್ಡ್ ಸಿಡ್‌ಮತ್ ಹತ್ತಿರ ಹೋದರು. ಸಿಡ್‌ಮತ್ ಸಿಟ್ಟಾದರು. ಜೈಲಿಗೆ ಹೋಗಿ ಬೈಬಲ್ ಓದುವ ಹೆಂಗಸು ಸರಿ, ಸರ್ಕಾರದ ಶಿಕ್ಷೆಯನ್ನೇ ಪ್ರಶ್ನಿಸುವ ಹೆಂಗಸು ಬೇಡ. ಸ್ಕೆಲ್ಟನ್‌ಗೆ ಏಪ್ರಿಲ್ 24ರಂದು ಗಲ್ಲಾಯಿತು. ವಿಚಿತ್ರ ನೋಡಿ, ಅದೇ ದಿನಗಳಲ್ಲಿ ಲಂಡನ್ ಮೇಯರರ ಅಧಿಕೃತ ಮನೆಯಾದ ಮ್ಯಾನ್ಷನ್ ಹೌಸ್‌ನಲ್ಲಿ ರಾಣಿ ಷಾರ್ಲೆಟ್ ಎಲ್ಲರೆದುರು ಫ್ರೈಯನ್ನು ಮಾತಾಡಿಸಿ ಗೌರವಿಸಿದರು. ಅತ್ತ ಗೃಹ ಸಚಿವರ ಕಚೇರಿಯಲ್ಲಿ ಮುಖಭಂಗ, ಇತ್ತ ರಾಣಿಯ ಮುಗುಳ್ನಗೆ. ಖೋಟಾ ವ್ಯವಹಾರಕ್ಕೆ ಗಲ್ಲು ಪೂರ್ತಿ ಹೋಗಲು 1837 ಆಗಬೇಕಾಯಿತು.

ಈ ಖೋಟಾ ನೋಟಿನ ಪ್ರಕರಣಗಳ ಕೈದಿಗಳು ಬ್ಯಾಂಕಿನ ವಕೀಲರಿಗೆ ಬರೆದ ಕಾಗದಗಳೂ ಉಳಿದಿವೆ. ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ದಾಖಲೆಗಳಲ್ಲಿ ಅವನ್ನು ಇಟ್ಟುಕೊಂಡಿದೆ, 1781ರಿಂದ 1827ರವರೆಗಿನವು 2007ರಲ್ಲಿ ಪುಸ್ತಕವಾಗಿಯೂ ಬಂದಿವೆ. ಇವುಗಳಲ್ಲಿ ಪಶ್ಚಾತ್ತಾಪ ಕಡಿಮೆ, ದುಡ್ಡಿನ ಮಾತು ಜಾಸ್ತಿ. ಹಡಗು ಹತ್ತುವ ಮುನ್ನ ಖರ್ಚಿಗೆ ಏನಾದರೂ ಕೊಡಿ, ಮೈಮೇಲೆ ಬಟ್ಟೆ ಇಲ್ಲ, ಮಗುವಿಗೆ ಊಟ ಇಲ್ಲ. ಫ್ರೈಗೆ ಬಂದ ಕಾಗದಗಳಲ್ಲಿ ಆತ್ಮದ ಮಾತು, ಬ್ಯಾಂಕಿಗೆ ಹೋದವುಗಳಲ್ಲಿ ಹೊಟ್ಟೆಯ ಮಾತು. ಎರಡೂ ನಿಜವೇ. ಯಾರ ಹತ್ತಿರ ಏನು ಸಿಗುತ್ತದೆ ಎಂದು ತಿಳಿದು ಬರೆದವು. ನಿಮ್ಮ ಎರಡು ಸಂಪುಟಗಳ ಜೊತೆ ಇದನ್ನೂ ಇಟ್ಟುಕೊಂಡರೆ ಚಿತ್ರ ಪೂರ್ತಿಯಾಗುತ್ತದೆ.

ಹಡಗುಗಳ ವಿಷಯಕ್ಕೆ ಬರೋಣ. ಫ್ರೈ ಮಾಡಿದ ಕೆಲಸದಲ್ಲಿ ಪತ್ರವ್ಯವಹಾರದ ಪಾಲು ಹೆಚ್ಚಿದ್ದದ್ದು ಇಲ್ಲಿ. ಆಸ್ಟ್ರೇಲಿಯಾಕ್ಕೆ ಹೋಗುವ ಹೆಂಗಸರನ್ನು ಮೊದಲೆಲ್ಲ ತೆರೆದ ಗಾಡಿಗಳಲ್ಲಿ ಬೀದಿಯಲ್ಲಿ ಒಯ್ಯುತ್ತಿದ್ದರು. ದಾರಿಯುದ್ದಕ್ಕೂ ಜನ ಕಲ್ಲು, ಕೆಸರು ಎಸೆಯುವುದು. ಹಿಂದಿನ ರಾತ್ರಿ ಹೆಂಗಸರು ಜೈಲಿನಲ್ಲಿ ಕಿಟಕಿ ಒಡೆದು ದಾಂಧಲೆ ಮಾಡುವುದು. 1818ರಲ್ಲಿ ‘ಮರಿಯಾ’ ಹಡಗಿನ ಹೊತ್ತಿಗೆ ಫ್ರೈ ಮುಚ್ಚಿದ ಬಾಡಿಗೆ ಗಾಡಿಗಳನ್ನು ಗೊತ್ತುಮಾಡಿಸಿ, ತಾವೂ ಹಿಂದೆಯೇ ಹೋದರು. ಹಡಗು ಹೊರಡುವವರೆಗೆ ವಾರಗಟ್ಟಲೆ ಡೆಪ್ಟ್‌ಫರ್ಡ್‌ನಲ್ಲಿ ನಿಂತಿತ್ತು, 128 ಹೆಂಗಸರು ಒಳಗೆ. ತಿಂಗಳುಗಟ್ಟಲೆ ಪ್ರಯಾಣ, ಮಾಡಲು ಕೆಲಸ ಇಲ್ಲ. ಆಗ ಲಂಡನ್ನಿನ ಬಟ್ಟೆ ಗೋದಾಮುಗಳಿಂದ ಚೂರು ಬಟ್ಟೆ ಬೇಡಿ ತಂದು, ಕೌದಿ ಹೊಲಿಯಲು ಕೊಟ್ಟರು. ಮುಂದೆ ಇದು ಪದ್ಧತಿಯೇ ಆಯಿತು. ಒಬ್ಬೊಬ್ಬಳಿಗೆ ಒಂದು ಚೀಲ, ಅದರಲ್ಲಿ ಸೂಜಿ, ದಾರ, ಕತ್ತರಿ, ಎರಡು ಪೌಂಡ್ ತೂಕದಷ್ಟು ಚೂರು ಬಟ್ಟೆ, ಬೈಬಲ್. ಹೊಲಿದ ಕೌದಿ ದಾರಿಯ ಬಂದರಿನಲ್ಲಿ ಮಾರಿದರೆ ಇಳಿಯುವಾಗ ಕೈಯಲ್ಲಿ ನಾಲ್ಕು ಕಾಸು. ಫ್ರೈ ಬದುಕಿರುವವರೆಗೆ ಅವರ ಸಮಿತಿ 106 ಹಡಗುಗಳನ್ನು, 12,000ಕ್ಕೂ ಹೆಚ್ಚು ಹೆಂಗಸರನ್ನು ನೋಡಿತು ಎಂಬ ಲೆಕ್ಕವಿದೆ.

ಹಡಗು ಆ ಕಡೆ ದಡ ಸೇರಿದ ಮೇಲೆ ಏನು? ಈ ಪ್ರಶ್ನೆಗೆ ಬಂದ ಉತ್ತರವೇ 1819ರ ಫೆಬ್ರುವರಿ ತಾರೀಕಿನ ಸ್ಯಾಮ್ಯುಯೆಲ್ ಮಾರ್ಸ್‌ಡನ್ ಕಾಗದ. ಆತ ಸಿಡ್ನಿ ಹತ್ತಿರದ ಪರಮಟ್ಟದ ಪಾದ್ರಿ. ಇಪ್ಪತ್ತೈದು ವರ್ಷದಿಂದ ಇಲ್ಲಿಗೆ ಬರುವ ಹೆಂಗಸರು ಒಂದು ರೊಟ್ಟಿಗಾಗಿ, ಮಲಗುವ ಜಾಗಕ್ಕಾಗಿ ಮೈ ಮಾರಿಕೊಳ್ಳುವ ಗತಿಯಲ್ಲಿದ್ದಾರೆ, ಹಡಗಿನಿಂದ ಇಳಿದವರನ್ನು ಇಡಲು ಇವತ್ತಿಗೂ ಒಂದು ಸೂರಿಲ್ಲ ಎಂದು ಬರೆದ. ಓದಿದರೆ ಹೊಟ್ಟೆ ಉರಿಯುತ್ತದೆ. ಫ್ರೈ ಇದನ್ನು ಹಿಡಿದು ಸರ್ಕಾರದ ಹತ್ತಿರ ಹೋದರು, ಅದರಿಂದಲೇ ಪರಮಟ್ಟದಲ್ಲಿ ಹೆಂಗಸರ ಕಾರ್ಖಾನೆ-ವಸತಿ ಕಟ್ಟಿದರು ಎಂದು ಎಷ್ಟೋ ಕಡೆ ಓದುತ್ತೀರಿ.

ಇಲ್ಲಿ ಸ್ವಲ್ಪ ತಡೆಯಿರಿ. ಆ ಕಟ್ಟಡಕ್ಕೆ ಗವರ್ನರ್ ಮಕ್ವಾರಿ ಅಡಿಗಲ್ಲು ಹಾಕಿದ್ದು 1818ರ ಜುಲೈನಲ್ಲಿ. ಮಾರ್ಸ್‌ಡನ್ ಫ್ರೈಗೆ ಕಾಗದ ಬರೆದದ್ದು ಅದಾಗಿ ಏಳು ತಿಂಗಳಿಗೆ. ಅದು ಹಡಗಿನಲ್ಲಿ ಇಂಗ್ಲೆಂಡ್ ತಲುಪಲು ಮತ್ತೆ ತಿಂಗಳುಗಳು. ಅಂದ ಮೇಲೆ ಆ ಕಾಗದದಿಂದ ಕಟ್ಟಡ ಶುರುವಾಯಿತು ಎನ್ನುವುದು ಆಗದ ಮಾತು. ಕಟ್ಟಡ ತೆರೆದದ್ದು 1821ರಲ್ಲಿ. ಮಾರ್ಸ್‌ಡನ್ ಬಗ್ಗೆಯೂ ಒಂದು ಮಾತು ಹೇಳಬೇಕು. ಮಕ್ವಾರಿಗೂ ಆತನಿಗೂ ವರ್ಷಗಳ ಹಗೆ. ಹೆಂಗಸರ ವಸತಿ ಬೇಕು ಎಂದು ಆತ 1815ರಿಂದಲೇ ದೂರುತ್ತಿದ್ದ, ದೂರು ಸುಳ್ಳಲ್ಲ, ಆದರೆ ಗವರ್ನರ್ ಕೆಟ್ಟವನಾಗಿ ಕಾಣಬೇಕು ಎಂಬ ಆಸೆಯೂ ಇತ್ತು. ಇನ್ನೊಂದು ಕಡೆ, ಮ್ಯಾಜಿಸ್ಟ್ರೇಟ್ ಆಗಿ ಕೂತಾಗ ಕೈದಿಗಳಿಗೆ ವಿಪರೀತ ಛಡಿಯೇಟು ಹಾಕಿಸುತ್ತಿದ್ದ ಮನುಷ್ಯ ಇವನೇ. ಛಡಿಯೇಟಿನ ಪಾದ್ರಿ ಎಂದೇ ಆಸ್ಟ್ರೇಲಿಯಾದಲ್ಲಿ ಹೆಸರು. ಫ್ರೈಗೆ ಬಂದ ಕಾಗದದಲ್ಲಿ ಆ ಮುಖ ಕಾಣುವುದಿಲ್ಲ. ಹಾಗೇ ಆ ಕಟ್ಟಡದ ನಕ್ಷೆ ಮಾಡಿದ ಫ್ರಾನ್ಸಿಸ್ ಗ್ರೀನ್‌ವೇ ಯಾರು ಗೊತ್ತೇ? ಸ್ವತಃ ಖೋಟಾ ದಾಖಲೆ ಮಾಡಿ ಗಲ್ಲು ಶಿಕ್ಷೆಯಾಗಿ, ಅದು ಇಳಿದು, ಆಸ್ಟ್ರೇಲಿಯಾಕ್ಕೆ ಬಂದ ಕೈದಿ. ನ್ಯೂಮನ್, ಸ್ಕೆಲ್ಟನ್‌ಗೆ ಸಿಗದ ವಿನಾಯಿತಿ ಆತನಿಗೆ ಸಿಕ್ಕಿತ್ತು.

ಹಾಗಾದರೆ ಮಾರ್ಸ್‌ಡನ್ ಕಾಗದದಿಂದ ಏನೂ ಆಗಲಿಲ್ಲವೇ? ಆಯಿತು. ಲಂಡನ್ನಿನ ಸಮಿತಿಗೆ ತನ್ನ ಕೆಲಸ ಹಡಗಿನ ಏಣಿಯ ಹತ್ತಿರ ಮುಗಿಯುವುದಿಲ್ಲ ಎಂದು ತಿಳಿಯಿತು. ಅಲ್ಲಿಂದ ಮುಂದೆ ವಸಾಹತಿನ ಕಡೆಯವರ ಜೊತೆ ಕಾಗದಗಳು ನಿಲ್ಲಲಿಲ್ಲ. ತಾಸ್ಮೇನಿಯಾದ ಗವರ್ನರನ ಹೆಂಡತಿ ಲೇಡಿ ಜೇನ್ ಫ್ರಾಂಕ್ಲಿನ್ 1841ರ ಆಗಸ್ಟ್‌ನಲ್ಲಿ ಬರೆದ ಉದ್ದನೆಯ ಪತ್ರ ಈ ಸಾಲಿನದು. ಆಗ ತಾನೇ, ಜುಲೈನಲ್ಲಿ, ‘ರಾಜಾ’ ಎಂಬ ಹಡಗು ಹೋಬಾರ್ಟ್ ಮುಟ್ಟಿತ್ತು. ಅದರಲ್ಲಿದ್ದ 180 ಹೆಂಗಸರ ಜೊತೆ ಸಮಿತಿಯವರು ಕೆಜಿಯಾ ಹೇಟರ್ ಎಂಬ ಮೇಲ್ವಿಚಾರಕಿಯನ್ನು ಕಳಿಸಿದ್ದರು. (ದಾರಿಯಲ್ಲಿ ಆಕೆಗೂ ಹಡಗಿನ ಕ್ಯಾಪ್ಟನ್‌ಗೂ ಮದುವೆ ನಿಶ್ಚಯವಾಯಿತು. ಸಮಿತಿಯ ಅಮ್ಮಂದಿರು ಏನಂದರೋ.) ಆ ಪ್ರಯಾಣದಲ್ಲಿ ಹೊಲಿದ ಕೌದಿ ಇವತ್ತು ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿಯಲ್ಲಿದೆ. 2,815 ತುಂಡುಗಳು. ಸುತ್ತಲಿನ ತುಂಡುಗಳನ್ನು ಹತ್ತಿರದಿಂದ ನೋಡಿದರೆ ಕೆಲವು ಹೊಲಿಗೆ ತೀರಾ ನಾಜೂಕು, ಕೆಲವು ಆಗತಾನೇ ಸೂಜಿ ಹಿಡಿದವರದು. ಕೆಳಗಡೆ ಹಡಗಿನ ಸಮಿತಿಯ ಹೆಂಗಸರಿಗೆ ಕೃತಜ್ಞತೆ ಹೇಳುವ ಸಾಲುಗಳನ್ನು ನೂಲಿನಲ್ಲಿ ತೆಗೆದಿದ್ದಾರೆ. ನಾನಂತೂ ಅದನ್ನೂ ಈ ಪತ್ರವ್ಯವಹಾರದ ಒಳಗೇ ಸೇರಿಸುತ್ತೇನೆ.

ರಷ್ಯಾದ ಕಡೆಯದನ್ನು ಬೇಗ ಹೇಳಿಬಿಡುತ್ತೇನೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಇಂಗ್ಲಿಷ್ ವ್ಯಾಪಾರಿ ಜಾನ್ ವೆನ್ನಿಂಗ್ ಜೊತೆ ಫ್ರೈಗೆ ಪತ್ರವ್ಯವಹಾರವಿತ್ತು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ವಾಲ್ಟರ್ 1819ರಲ್ಲಿ ಅಲ್ಲಿ ಜೈಲು ಸಂಘ ಶುರುವಾಗಲು ಕಾರಣನಾದವನು. ಅಲ್ಲಿನ ಹುಚ್ಚಾಸ್ಪತ್ರೆಯ ಬಗ್ಗೆ ಫ್ರೈ ಸಲಹೆ ಕೊಡುತ್ತಿದ್ದರು. ರೋಗಿಗಳನ್ನು ಬಟ್ಟೆ ಹಾಸಿದ ಮೇಜಿನಲ್ಲಿ, ತಟ್ಟೆ ಚಮಚ ಕೊಟ್ಟು, ಒಟ್ಟಿಗೆ ಊಟಕ್ಕೆ ಕೂರಿಸಿ ಎಂಬುದು ಅದರಲ್ಲೊಂದು. ತ್ಸಾರನ ತಾಯಿ ಇದನ್ನು ಕೇಳಿ ಖುಷಿಪಟ್ಟು ಜಾರಿಗೆ ತಂದರು ಎಂದು ವೆನ್ನಿಂಗ್ ನೆನಪಿಸಿಕೊಳ್ಳುತ್ತಾನೆ. ಎಷ್ಟೋ ವರ್ಷಗಳ ಮೇಲೆ ಪ್ರೀತಿಯಿಂದ ಬರೆದ ನೆನಪು ಅದು, ಸ್ವಲ್ಪ ಉಪ್ಪು ಖಾರ ಇದ್ದೀತು. ಆದರೆ ಸಲಹೆ ಮಾತ್ರ ಅಪ್ಪಟ ಫ್ರೈ. ಮತ್ತೆ ಮೇಜು, ಬಟ್ಟೆ, ಚಮಚ.

ಈಗ ನಂಬಿಕೆಯ ಪ್ರಶ್ನೆ. ಫ್ರೈ ತೀರಿಕೊಂಡದ್ದು 1845ರ ಅಕ್ಟೋಬರ್‌ನಲ್ಲಿ. ಹೆಣ್ಣುಮಕ್ಕಳಾದ ಕ್ಯಾಥರೀನ್ ಮತ್ತು ರೇಚೆಲ್ 1847ರಲ್ಲೇ ಈ ಸಂಪುಟಗಳನ್ನು ತಂದರು. ಎರಡೇ ವರ್ಷ. ಅಣ್ಣತಮ್ಮಂದಿರು, ಚಿಕ್ಕಮ್ಮ ದೊಡ್ಡಮ್ಮಂದಿರು ಇನ್ನೂ ಬದುಕಿದ್ದಾರೆ. ಅಂಥ ಹೊತ್ತಿನಲ್ಲಿ ಮಕ್ಕಳು ಏನು ಮಾಡುತ್ತಾರೋ ಇವರೂ ಅದನ್ನೇ ಮಾಡಿದರು. ಕಾಗುಣಿತ ತಿದ್ದಿದರು. ಫ್ರೈ ಕಾಗುಣಿತ ಎಂದರೆ ದೇವರಿಗೇ ಪ್ರೀತಿ. ಗಂಡ ಹೆಂಡಿರ ಇರಿಸುಮುರುಸು, ಮಕ್ಕಳ ಜೊತೆಗಿನ ಕಿರಿಕಿರಿ ಇವನ್ನು ಮೆತ್ತಗೆ ಮಾಡಿದರು ಅಥವಾ ಬಿಟ್ಟರು. ಮನೆ ಮಕ್ಕಳನ್ನು ಬಿಟ್ಟು ಜೈಲು ಸುತ್ತುತ್ತಾಳೆ ಎಂದು ಜನ ಆಡಿಕೊಳ್ಳುತ್ತಿದ್ದರು, ಮಕ್ಕಳು ಎಷ್ಟೋ ಸಲ ಸೋದರಮಾವ, ಚಿಕ್ಕಮ್ಮಂದಿರ ಮನೆಯಲ್ಲೇ ಬೆಳೆದರು. ಆ ನೋವು ಮಕ್ಕಳಿಗೂ ಇತ್ತು. ಅದನ್ನು ಅಚ್ಚಿನಲ್ಲಿ ಹುಡುಕಬೇಡಿ. 1828ರ ನವೆಂಬರ್‌ನಲ್ಲಿ ಗಂಡನ ಬ್ಯಾಂಕು ಮುಳುಗಿತು, ಕ್ವೇಕರ್ ಸಭೆ ಜೋಸೆಫ್ ಅವರನ್ನು ಹೊರಹಾಕಿತು, ಪ್ಲಾಷೆಟ್‌ನ ದೊಡ್ಡ ಮನೆ ಬಿಡಬೇಕಾಯಿತು. ಆಗ ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಅಂಥವರು ಬರೆದ ಸಮಾಧಾನದ ಕಾಗದಗಳನ್ನು ಮಕ್ಕಳು ಹಾಕಿದ್ದಾರೆ. ಬೈದು ಬರೆದವರೂ ಇದ್ದಿರಬೇಕಲ್ಲ? ಅವು ಯಾಕೆ ಬರುತ್ತವೆ.

ಹಾಗಂತ ಸಂಪುಟಗಳನ್ನು ಮೂಲೆಗೆ ಹಾಕುವ ಅಗತ್ಯವಿಲ್ಲ. ಜೈಲಿನ ವಿಷಯದಲ್ಲಿ ಮಕ್ಕಳಿಗೆ ಮುಚ್ಚಿಡುವಂಥದ್ದು ಕಡಿಮೆ ಇತ್ತು. ಮನೆಯ ವಿಷಯಕ್ಕೆ ಮಾತ್ರ ಕೈಬರಹದ ದಿನಚರಿಗಳೇ ಗತಿ. ಅವುಗಳ ಮುಖ್ಯ ಸಂಗ್ರಹಗಳು ಲಂಡನ್ನಿನ ಫ್ರೆಂಡ್ಸ್ ಹೌಸ್ ಗ್ರಂಥಾಲಯದಲ್ಲಿ, ನಾರ್ವಿಚ್ಚಿನ ನಾರ್ಫೊಕ್ ದಾಖಲೆ ಕಚೇರಿಯಲ್ಲಿ ಇವೆ. ಓದುವಾಗ ತಾರೀಕಿನ ಬಗ್ಗೆ ಎಚ್ಚರ. ಕ್ವೇಕರ್‌ಗಳು ತಿಂಗಳ, ವಾರದ ಹೆಸರುಗಳನ್ನು ಬಳಸುತ್ತಿರಲಿಲ್ಲ, ಅವು ಬೇರೆ ದೇವತೆಗಳ ಹೆಸರು ಎಂದು. ಜನವರಿ ಅಂದರೆ ಒಂದನೇ ತಿಂಗಳು, ಭಾನುವಾರ ಅಂದರೆ ಒಂದನೇ ದಿನ. ಫ್ರೈ ಕಾಲದ ಕಾಗದಗಳಿಗೆ ಈ ಲೆಕ್ಕ ಸರಿಹೋಗುತ್ತದೆ. ಆದರೆ 1752ಕ್ಕೆ ಹಿಂದಿನ ಕ್ವೇಕರ್ ಕಾಗದ ಸಿಕ್ಕರೆ ಒಂದನೇ ತಿಂಗಳು ಮಾರ್ಚ್ ಆಗಿರುತ್ತದೆ.

ಎರಡನೇ ಸಂಪುಟದಲ್ಲಿ ಒಂದು ಕಾಗದವನ್ನಂತೂ ತಪ್ಪಿಸಬೇಡಿ. 1841ರದು, ಲಂಡನ್ನಿನ ಪೆಂಟನ್‌ವಿಲ್ ಜೈಲನ್ನು ರೂಪಿಸಿದ ಜೋಶುವಾ ಜೆಬ್‌ಗೆ ಬರೆದದ್ದು. ಕಾಲ ಬದಲಾಗಿತ್ತು. 1835ರಿಂದ ಸರ್ಕಾರಿ ಜೈಲು ಇನ್‌ಸ್ಪೆಕ್ಟರ್‌ಗಳು ಬಂದಿದ್ದರು. ಅವರಲ್ಲಿ ಕ್ರಾಫರ್ಡ್ ಮತ್ತು ವಿಟ್‌ವರ್ತ್ ರಸೆಲ್ ಒಬ್ಬೊಬ್ಬ ಕೈದಿಯನ್ನೂ ಒಂಟಿ ಕೋಣೆಯಲ್ಲಿ ಇಡಬೇಕು ಎನ್ನುವ ಪಕ್ಷದವರು. ಹೆಂಗಸರು ಬಂದು ಒಟ್ಟಿಗೆ ಕೂರಿಸಿ ಹೊಲಿಗೆ ಹೇಳಿಕೊಡುವುದೆಲ್ಲ ಹಳೇ ಕಾಲದ್ದಾಗಿತ್ತು. ಪೆಂಟನ್‌ವಿಲ್ ಹೊಸ ಪದ್ಧತಿಯ ಮಾದರಿ ಜೈಲು, 1842ರಲ್ಲಿ ತೆರೆಯಿತು. ಕಟ್ಟಡವನ್ನು ಮೊದಲೇ ನೋಡಿಬಂದ ಫ್ರೈ, ಕಟ್ಟಿದವರನ್ನು ನಾಲ್ಕು ಮಾತು ಹೊಗಳಿ, ನೇರ ವಿಷಯಕ್ಕೆ ಬರುತ್ತಾರೆ. ಕತ್ತಲೆ ಕೋಣೆಗಳು ನಾಗರಿಕ ದೇಶದಲ್ಲಿ ಇರಲೇಬಾರದು, ಅಂಥ ಶಿಕ್ಷೆಯನ್ನು ಅಧಿಕಾರಿಗಳು ದುರುಪಯೋಗ ಮಾಡದೆ ಬಿಡುವುದಿಲ್ಲ ಎನ್ನುತ್ತಾರೆ. ಆಮೇಲೆ ಕಿಟಕಿ. ಗಾಳಿ ಬರುತ್ತದೆ, ಬೆಳಕೂ ಬರುತ್ತದೆ, ನನಗೆ ಗೊತ್ತು. ಆದರೂ ಅವರಿಗೆ ಆಕಾಶ ಕಾಣಬೇಕು, ಒಳಗೇ ಇರುವವರಿಗೆ ಅದು ಬದಲಾಗುವುದನ್ನು ನೋಡುವುದು ದೊಡ್ಡ ಸಮಾಧಾನ ಎಂಬುದು ಅವರ ವಾದ.

ಮಕ್ಕಳಿಗೆ ರೊಟ್ಟಿಯ ಅಳತೆ ಹೇಳಿದ ಕೈಯೇ ಇದು, ಇಪ್ಪತ್ತೆಂಟು ವರ್ಷದ ಮೇಲೆ. ಆದರೆ ಈ ಸಲ ವಿಳಾಸ ಸರಿಯಿದ್ದರೂ ಪ್ರಯೋಜನವಾಗಲಿಲ್ಲ. ಒಂಟಿ ಕೋಣೆಯೇ ಬ್ರಿಟಿಷ್ ಜೈಲುಗಳ ಪದ್ಧತಿಯಾಯಿತು. ಅದಕ್ಕೇ ನಾನು ಫ್ರೈ ಗೆದ್ದರು ಎಂದು ಒಂದೇ ಮಾತಿನಲ್ಲಿ ಬರೆಯುವವರನ್ನು ಒಪ್ಪುವುದಿಲ್ಲ. ಅವರು ಬದುಕಿರುವಾಗಲೇ ಜೈಲು ಅವರ ಕೈ ಮೀರಿ ಬೇರೆ ಕಡೆ ಹೋಗಿತ್ತು. 1842ರ ಜನವರಿಯಲ್ಲಿ ಪ್ರಷ್ಯಾದ ದೊರೆ ನ್ಯೂಗೇಟ್‌ಗೆ ಬಂದು ಅವರ ಜೊತೆ ಪ್ರಾರ್ಥನೆಗೆ ಕೂತದ್ದು, ಅವರ ಮನೆಯಲ್ಲಿ ಊಟ ಮಾಡಿದ್ದು ಎಲ್ಲ ನಿಜ. ಕೀರ್ತಿ ಅಷ್ಟು ಎತ್ತರದಲ್ಲಿದ್ದಾಗಲೇ ಮಾತು ನಡೆಯುವುದು ಕಡಿಮೆಯಾಗಿತ್ತು.

ನಮ್ಮ ದೇಶದ ನಂಟು ಬೇಕಿದ್ದರೆ ಫ್ರೈ ಮುಂದಿನ ತಲೆಮಾರಿಗೆ ಬನ್ನಿ. ಬ್ರಿಸ್ಟಲ್‌ನ ಮೇರಿ ಕಾರ್ಪೆಂಟರ್ ಅಪರಾಧ ಮಾಡಿದ ಮಕ್ಕಳನ್ನು ಜೈಲಿನ ಬದಲು ಸುಧಾರಣಾ ಶಾಲೆಗೆ ಕಳಿಸಬೇಕು ಎಂದು ಜೀವಮಾನವಿಡೀ ಹೋರಾಡಿದವರು. ಬ್ರಿಸ್ಟಲ್‌ಗೆ ಬಂದಿದ್ದ ರಾಜಾರಾಮ ಮೋಹನರಾಯರನ್ನು ಇವರು ಯುವತಿಯಾಗಿದ್ದಾಗ ಕಂಡಿದ್ದರು. 1866ರಲ್ಲಿ ಭಾರತಕ್ಕೆ ಬಂದು ಮುಂಬಯಿ, ಅಹಮದಾಬಾದ್, ಮದ್ರಾಸು, ಕಲ್ಕತ್ತ ಸುತ್ತಿ ಜೈಲುಗಳನ್ನೂ ನೋಡಿದರು. ಆ ಡಿಸೆಂಬರ್‌ನಲ್ಲಿ ಗವರ್ನರ್ ಜನರಲ್ ಜಾನ್ ಲಾರೆನ್ಸ್‌ಗೆ ಅವರು ಬರೆದ ಪತ್ರದಲ್ಲಿ ಹೆಣ್ಣುಮಕ್ಕಳ ಶಿಕ್ಷಣ, ಸುಧಾರಣಾ ಶಾಲೆ, ಜೈಲುಗಳ ಸ್ಥಿತಿ ಮೂರೂ ಇವೆ. 1868ರಲ್ಲಿ ಅಚ್ಚಾದ ಅವರ ಭಾರತ ಪ್ರವಾಸದ ಎರಡು ಸಂಪುಟಗಳಲ್ಲಿ ಅದನ್ನು ಓದಬಹುದು. ಇಲ್ಲಿ ಸುಧಾರಣಾ ಶಾಲೆಗಳ ಕಾಯ್ದೆ ಬಂದದ್ದು 1876ರಲ್ಲಿ. ಫ್ರೈ 1841ರಲ್ಲಿ ಜೆಬ್‌ಗೆ ಬರೆದದ್ದನ್ನೂ ಕಾರ್ಪೆಂಟರ್ ಲಾರೆನ್ಸ್‌ಗೆ ಬರೆದದ್ದನ್ನೂ ಒಟ್ಟಿಗೆ ಓದಿ ನೋಡಿ. ನಿಮ್ಮ ಓದು ಮುಗಿದ ಮೇಲೆ, ಇಬ್ಬರಲ್ಲಿ ಯಾರು ಬೇಕಾದ್ದನ್ನು ಕೇಳುವ ಕಲೆ ಚೆನ್ನಾಗಿ ಬಲ್ಲವರು ಅನಿಸಿತು ಎಂದು ಬರೆಯಿರಿ. ನನ್ನ ಓಟು ಫ್ರೈ ಕಡೆಗೆ, ಆದರೆ ಕಾರ್ಪೆಂಟರ್ ಅಂಕಿ-ಅಂಶ ಜೋಡಿಸುವುದರಲ್ಲಿ ಅವರಿಗಿಂತ ಒಂದು ಕೈ ಮೇಲು.